ಅಡಿಭಾರ

ಎಡಗಿವಿ ಹೋಗಿದ್ದು ಕಡಲಲ್ಲಿ,
ಇಪ್ಪತ್ತಾರು ವರ್ಷ ಇಂಜಿನ್ನಿನ ಮಗ್ಗುಲಲ್ಲಿ ಮಲಗಿ.
ಹಾಗಾಗಿ ಈ ಮಕ್ಕಳ ಹಾಡು
ನನಗೆ ಅರ್ಧ ಕೇಳುತ್ತೆ.
ಉಳಿದರ್ಧಕ್ಕೆ ವ್ಯಾನಿನಿಂದಿಳಿದು
ಪಬ್ಬಿನ ಹಿಂಗೋಡೆಗೆ ಅಂಗೈ ಊರಿ ನಿಲ್ಲುತ್ತೇನೆ.
ಇಟ್ಟಿಗೆ ಒಳ್ಳೆಯದು. ಸುಳ್ಳು ಸೇರಿಸೋಲ್ಲ.

ಗ್ರಿಮ್ಸ್‌ಬಿಯ ಹಡಗುಕಟ್ಟೆ, ಮೂರನೇ ಗೇಟಿನಾಚೆ,
ಮೀನು ಬರದೆ ಬೀಗ ಬಿದ್ದ ಐಸ್ ಕಾರ್ಖಾನೆಯ ಒಂದು ಮೂಲೆ.
ಅಲ್ಲೇ ತಾಲೀಮು. ಬ್ಯಾಂಡಿನ ಹೆಸರೂ ಅದೇ, ‘ಮೂರನೇ ಗೇಟು’.
ಬ್ರಯೋನಿ ನನ್ನ ತಂಗಿಯ ಮೊಮ್ಮಗಳು, ಹಾಡುತ್ತಾಳೆ.
ಹಾಡುವುದೋ ಯಾರ ಮೇಲೋ ರೇಗುವುದೋ
ಎಂದು ಕೇಳಿದರೆ, ಎರಡೂ ಒಂದೇ ತಾತ, ಅನ್ನುತ್ತಾಳೆ.
ಡ್ರಮ್ಮಿಗೆ ಯಾದ್ವಿಗಾ. ಹಗಲೆಲ್ಲ ಹ್ಯಾಡಕ್ ಮೀನಿನ
ಬೆನ್ನುಮೂಳೆ ಬಿಡಿಸುವ ಕೈ,
ನಿಂಬೆ ಹಚ್ಚಿ ತೊಳೆದರೂ ಬಿಡದ ವಾಸನೆ.
ಕೀರನ್ ಗಿಟಾರು. ಬಾಸ್ ನುಡಿಸುವ ಎಲಿಯಟ್
ಬಾಯಿ ಬಿಟ್ಟದ್ದನ್ನು ನಾನು ನೋಡಿದ್ದು ಎರಡೇ ಸಲ.

ವ್ಯಾನು ನನ್ನದು. ಮೊದಲು ಏಡಿ ಸಾಗಿಸುತ್ತಿತ್ತು.

ಮೊದಲ ವರ್ಷದ ಲೆಕ್ಕ ಹೇಳಲೆ?
ಡಾನ್‌ಕ್ಯಾಸ್ಟರಿನಲ್ಲಿ ಹನ್ನೊಂದು ಜನ,
ಅವರಲ್ಲಿ ನಾಲ್ವರು ಮುಂದಿನ ಸರದಿಯ ಬ್ಯಾಂಡಿನವರು.
ಲೀಡ್ಸಿನಲ್ಲಿ ಒಂದು ನಾಯಿ. ಅದೂ ನಡುವೆ ಎದ್ದುಹೋಯಿತು.
ಗೇನ್ಸ್‌ಬರೋದ ಪಬ್ಬಿನವನು ಕೊಟ್ಟ ದುಡ್ಡು
ಡೀಸೆಲ್ಲಿಗೂ ಸಾಲದು ಎಂದು ಅವನಿಗೇ ನಾಚಿಕೆಯಾಗಿ
ಮೇಲೊಂದು ಮೂಟೆ ಆಲೂಗಡ್ಡೆ ಹೇರಿ ಕಳಿಸಿದ.
ತಿಂಗಳಿಡೀ ತಿಂದೆವು.
ಹಾಡಿನಿಂದ ಹೊಟ್ಟೆ ತುಂಬೋಲ್ಲ ಅಂದವರಾರು?

ಅಂಗಿ ಮಾಡಿಸಿದ್ದರು, ಮುನ್ನೂರು.
ಎದೆಯ ಮೇಲೆ ಗೇಟು, ಗೇಟಿನ ಮೇಲೊಂದು ಕಡಲಹಕ್ಕಿ.
ಅಚ್ಚಿನವನು ಹೆಸರಿನ ನಡುವೆ ಒಂದಕ್ಷರ ನುಂಗಿದ್ದ.
ಯಾರೂ ಕೊಳ್ಳಲಿಲ್ಲ.
ಆರು ರಟ್ಟಿನ ಪೆಟ್ಟಿಗೆ, ಹಿಂದಿನ ಆಕ್ಸಲ್ಲಿನ ಮೇಲೇ ಕೂತಿದ್ದವು.
ಹಂಬರ್ ಸೇತುವೆಯಲ್ಲಿ ಗಾಳಿ ಪಕ್ಕೆಗೆ ಎಷ್ಟು ಗುದ್ದಿದರೂ
ವ್ಯಾನು ಮುದಿ ಎತ್ತಿನ ಹಾಗೆ
ತಲೆ ತಗ್ಗಿಸಿ ದಾಟುತ್ತಿತ್ತು.

ಆಮೇಲೆ ಏನಾಯಿತೋ. ಒಂದು ಮಾರ್ಚ್ ತಿಂಗಳು
ರೇಡಿಯೋದಲ್ಲಿ ಯಾರೋ ಹಾಕಿದರಂತೆ, ಮುಗಿದೊಡನೆ ಮತ್ತೆ ಹಾಕಿದರಂತೆ.
ಯಾದ್ವಿಗಾ ಫ್ಯಾಕ್ಟರಿಯ ಬೆಲ್ಟಿನ ಮುಂದೆ
ಕಿವಿಗೆ ಮುಚ್ಚಳ ಹಾಕಿಕೊಂಡು
ತನ್ನದೇ ಏಟು ತನಗೆ ಕೇಳದೆ ನಿಂತಿದ್ದಳು.
ಎದುರಿನವಳು ಚಾಕು ಕೆಳಗಿಟ್ಟು
ತುಟಿಯಲ್ಲೇ ಕೇಳಿದಳು: ಇದು ನೀನಾ?
ಬೆಲ್ಟು ನಿಲ್ಲಲಿಲ್ಲ. ಮೀನು ಬರುತ್ತಲೇ ಇತ್ತು.

ಗ್ಲಾಸ್ಗೋ. ಮ್ಯಾಂಚೆಸ್ಟರ್. ಬ್ರಿಸ್ಟಲಿನಲ್ಲಿ
ಜನರ ಸಾಲು ಮೂಲೆ ತಿರುಗಿ ಕಣ್ಮರೆಯಾಗಿತ್ತು.
ಅಕ್ಷರ ತಪ್ಪಿದ ಅಂಗಿಯೇ ಬೇಕಂತೆ ಎಲ್ಲರಿಗೂ,
ತಿದ್ದಿ ಮಾಡಿಸಿದ್ದನ್ನು ಮುಟ್ಟುವವರಿಲ್ಲ.

ಮೊದಲು ಬಾಗಿಲಿಗೇ ವ್ಯಾನು ತಾಗಿಸುತ್ತಿದ್ದೆ.
ಈಗ ಕೊರಳಿಗೊಂದು ಕಾರ್ಡು.
ಮೀಸೆ ಚಿಗುರದ ಹುಡುಗ ಮುಖಕ್ಕೆ ಟಾರ್ಚು ಬಿಟ್ಟು
‘ತಾವು ಯಾರು?’ ಅನ್ನುತ್ತಾನೆ.
ಏಡಿ ಸಾಗಿಸುವವನು ಅಂದೆ. ಒಳಗೆ ಬಿಟ್ಟ.

ನಿನ್ನೆ ರಾತ್ರಿ ಹಲ್ ಊರಿನಿಂದ ವಾಪಸು.
ಪೆಟ್ಟಿಗೆ ಒಂದೂ ಇಲ್ಲ, ಎಲ್ಲ ಬಿಕರಿ.
ಹಿಂದೆ ನಾಲ್ವರೂ ನಿದ್ದೆ,
ಬಲೆಯಿಂದ ಸುರುವಿದ ಹಾಗೆ ಒಬ್ಬರ ಮೇಲೊಬ್ಬರು.
ಸೇತುವೆಯ ನಟ್ಟನಡುವೆ ಗಾಳಿ ಬಂತು.
ವ್ಯಾನು ಪಕ್ಕಕ್ಕೆ ಸರಿಯಿತು, ಅರ್ಧ ಗೇಣು,
ಅಷ್ಟೇ, ಅರ್ಧ ಗೇಣು,
ಅಂಗೈ ಬೆವೆತುಹೋಯಿತು.

ಕಡಲಿಗೆ ಹೋದವನಿಗೆ ಗೊತ್ತು,
ತುಂಬಿದ ದೋಣಿ ಅಲೆಯನ್ನು ಗದರಿಸುತ್ತೆ,
ಬುಡದಲ್ಲಿ ಏನೂ ಇಲ್ಲದ್ದು ಕುಣಿಯುತ್ತೆ.
ದಡದಲ್ಲಿ ನಿಂತವರಿಗೆ ಆ ಕುಣಿತ ಚೆಂದ.

ಲಂಡನ್ನಿನವರು ಬಸ್ಸು ಕೊಡುತ್ತಾರಂತೆ,
ಒಳಗೆ ಮಂಚ, ಡ್ರೈವರೂ ಅವರವನೇ.
ಬ್ರಯೋನಿ ನನಗಿನ್ನೂ ಹೇಳಿಲ್ಲ.
ಹೇಳಿದ್ದು ಎಲಿಯಟ್. ಅದು ಮೂರನೇ ಸಲ.

ಬೆಳಿಗ್ಗೆ ಯಾರೂ ಏಳುವ ಮೊದಲು
ಕಟ್ಟೆಯಿಂದ ನಾಲ್ಕು ಮರಳುಮೂಟೆ ಹೊತ್ತು ತಂದು
ಆಕ್ಸಲ್ಲಿನ ಮೇಲೆ ಜೋಡಿಸಿದೆ.
ಯಾದ್ವಿಗಾ ನೋಡಿದಳು, ಇದೇನು ಅಂದಳು.
ಬಿಕರಿಗಲ್ಲ ಅಂದೆ.
ಗುರುವಾರ ನ್ಯೂಕ್ಯಾಸಲ್. ಗಾಳಿ ಇದೆಯಂತೆ.