ಹೆಸರಿನ ಕರಡು

ಸೋದರತ್ತೆ ನಾನು, ಕಿವಿಯಲ್ಲಿ ಉಸುರುವ ಹಕ್ಕು ನನ್ನದು.
ಆದರೆ ಪಟ್ಟಿ ಇದ್ದದ್ದು ಸ್ಪಂದನಳ ಫೋನಿನಲ್ಲಿ.
ಹೆರಿಗೆ ವಾರ್ಡಿನಿಂದಲೇ ಆರಿಸುತ್ತಿದ್ದಳು:
ಹುಲ್ಲಿನ ಹೆಸರು ಬೇಕು, ಇಲ್ಲಾ ನೀರಿನದು,
ಅರ್ಥ ತಂಪಾಗಿರಬೇಕು, ಯಾರೂ ಇಟ್ಟಿರಬಾರದು.

ನಮ್ಮಲ್ಲಿ ಅಂಥ ಹೆಸರು ದನಕ್ಕೂ ಇಟ್ಟವರಿಲ್ಲ.
ದನಕ್ಕೆ ಮೈಬಣ್ಣ: ಕೆಂದಿ, ಕಬರಿ, ಮಾಸಿ.
ಮಕ್ಕಳಿಗೆ ದೇವರು, ದೇವರು ಮುಗಿದರೆ ವಾರ.
ಸೋಮವಾರ ಹುಟ್ಟಿದವಳು ನಾನು, ಸೋಮಿ.

ಆದರೂ ಅವಳು ಕೇಳಿದಾಗ
ಬಾಯಿಗೆ ಬಂದದ್ದು ತೊರೆ.
ತೊರೆ ಅಂದರೆ ಬಿಟ್ಟುಬಿಡು ಅಂತಲೂ ಆಗುತ್ತೆ, ಅಂದ ತಮ್ಮ,
ಹೆಣ್ಣು ಮಗು, ನಾಳೆ ಯಾವನಾದರೂ ಹಾಗೇ ಓದಿಕೊಂಡರೆ?
ಹೊಳೆ ಅಂದೆ. ಹೊಳೆಯೋದು ಸರಿ, ಹೊಳೆಪಾಲಾಗೋದು?
ಹಳ್ಳ ಅನ್ನಲೇ ಇಲ್ಲ. ನಮ್ಮೂರಲ್ಲಿ
ಹರಿಯೋ ನೀರಿಗೂ ಕೆಟ್ಟ ಸಂಸಾರಕ್ಕೂ ಅದೊಂದೇ ಮಾತು.
ಝರಿ ಅಂತ ಅವಳೇ ತಂದಳು.
ನಿಂಗಾಜಮ್ಮ, ನಮ್ಮವ್ವ, ಕೂತಲ್ಲೇ ಕಾಲೆತ್ತಿಕೊಂಡಳು:
"ಎಲ್ಲವ್ವಾ ಜರಿ? ಮಂಚದ ಕೆಳಗಾ?"

ಹುಲ್ಲಿಗೆ ಬಂದೆವು.
ಗರಿಕೆ ತೀರಾ ಗಿಡ್ಡ. ನೊದೆ ಗುಡಿಸಲಿಗೆ ಹೊದಿಸೋದು.
ಕರಡ ಅಂತ ನಾನು ಬಾಯಿಬಿಟ್ಟು ಹೇಳಲಿಲ್ಲ.
ಗೋಮಾಳದಲ್ಲಿ ಸೊಂಟದುದ್ದ ಕರಡದೊಳಗೆ
ದಿನಾ ಮಧ್ಯಾಹ್ನ ಕಳೆದುಹೋಗುತ್ತಿದ್ದೆ,
ದನಗಳೇ ಹುಡುಕಿಕೊಂಡು ಬರುತ್ತಿದ್ದವು.
ಕೆಳಗೆ ಸಣ್ಣ ನೀರು. ಲೋಕಪಾವನಿ ಸೇರೋ ತನಕ
ಅದಕ್ಕೂ ಹೆಸರಿರಲಿಲ್ಲ. ನೀರ್ ಕಡೆ ಹೊಡ್ಕಂಡೋಗು, ಅಂತಿದ್ದೆವು.
ಕಬರಿ ಕುಡಿಯುವಾಗ ಅದರ ಮೂತಿಯಿಂದ
ಉಂಗುರ ಬಿಟ್ಟುಕೊಳ್ಳುತ್ತಾ ಬಂದು
ನನ್ನ ಕಾಲಬೆರಳಿಗೆ ತಾಗೋದು.
ಈಗಲ್ಲಿ ಕರೆಂಟಿನ ಸ್ಟೇಷನ್ನು, ಸುತ್ತ ತಂತಿ.
ತಂತಿಯೊಳಗೆ ಹುಲ್ಲು ಈಗಲೂ ಸೊಂಟದುದ್ದ,
ಮೇಯುವ ಬಾಯಿ ಒಂದೂ ಇಲ್ಲ.

ಹನ್ನೊಂದನೆಯ ದಿನಕ್ಕೆ ಸ್ಪಂದನ ಗೆದ್ದಳು. ಶಾದ್ವಲಾ.
ಹಸಿರು ಹುಲ್ಲು ತುಂಬಿದ ನೆಲ, ಓದಿ ಹೇಳಿದಳು.
ಅವ್ವ ಅದನ್ನು ನಾಲಿಗೆಯಲ್ಲಿ ಎರಡು ಸಲ ಹೊರಳಿಸಿದಳು.
"ಸಾದೊಲ. ಯಾವ ಹೊಲ್ವಪ್ಪಾ ಅದು? ನಮ್ದಾ?"
ಹೂಂ, ನಮ್ದೇಯ, ಅಂದ ತಮ್ಮ.
"ಏನಾಕಿದ್ದೀರಿ?"
"ಹೆಸರು."
ಅವ್ವ ತಲೆದೂಗಿದಳು. ಮುಂಗಾರಿಗೆ ಮುಂಚೆ ಹೆಸರು ಒಳ್ಳೇದೇ,
ಎರಡು ತಿಂಗಳಿಗೆ ಕೈಗೆ ಬರುತ್ತೆ.

ಅಕ್ಕಿ ತಟ್ಟೆಯಲ್ಲಿ ಉಂಗುರ ಹಿಡಿದು ಬರೆದ.
ದಕಾರಕ್ಕೆ ಒತ್ತು ಕೊಡುವಷ್ಟರಲ್ಲಿ ಅಕ್ಕಿ ಜಾರಿ ಮುಚ್ಚಿಕೊಂಡಿತು.
ನಾನು ಬಗ್ಗಿ ಮೂರು ಸಲ ಉಸುರಿದೆ.
ಏನು ಅನ್ನೋದು ನನಗೆ ಗೊತ್ತು, ಅವಳಿಗೆ ಗೊತ್ತು.

ತಿಂಗಳು ಕಳೆದು ನಾಗಮಂಗಲದಿಂದ ಜನನ ಪತ್ರ ಬಂತು.
ಶಾರ್ದೂಲ ಅಂತ ಹೊಡೆದಿದ್ದರು.
ಹುಲ್ಲುಗಾವಲಿಗೆ ಹುಲಿ ನುಗ್ಗಿತ್ತು, ಸೀಲು ಸಮೇತ.
ತಿದ್ದುಪಡಿಗೆ ಅಫಿಡವಿಟ್ಟು, ನೋಟರಿ, ಇಬ್ಬರು ಸಾಕ್ಷಿ,
ಇದೇ ಹೆಸರೆಂಬುದಕ್ಕೆ ಆಧಾರ.
ಆಧಾರ್ ಇನ್ನೂ ಮಾಡಿಸಿಲ್ಲ ಸಾರ್.
ಆ ಆಧಾರ ಅಲ್ಲಮ್ಮಾ.

ಗಂಡ ಹೆಂಡತಿ ನೆಲದ ಮೇಲೆ ಅರ್ಜಿ ಹರಡಿಕೊಂಡು ಕೂತಿದ್ದಾರೆ,
ಮೊದಲು ಕರಡು, ಆಮೇಲೆ ಚೊಕ್ಕ ಪ್ರತಿ.
ಸೀರೆಯ ತೊಟ್ಟಿಲಲ್ಲಿ ಹುಲಿ
ಹಲ್ಲಿಲ್ಲದ ಬಾಯಿ ತೆರೆದು ನಿದ್ದೆ ಹೋಗಿದೆ.
ಮೊದಲು ಕಂಡವಳು ಅವ್ವ.
ತೊಟ್ಟಿಲ ತಳ ಕಪ್ಪಾಗಿ, ತೊಟ್ಟು ತೊಟ್ಟು ಇಳಿದು,
ಕೆಂಪು ಗಾರೆಯ ಮೇಲೆ ಒಂದು ಗಳಿಗೆ ನಿಂತು,
ಇಳಿಜಾರು ಹುಡುಕಿಕೊಂಡು
ಅರ್ಜಿಯ ಕಡೆಗೇ ಹೊರಟಿತ್ತು.
"ಕಾಗದ ಎತ್ಕಳ್ರಪ್ಪಾ," ಅಂದಳು,
"ನೀರು ಬತ್ತಾ ಅದೆ."