ಬೆಳಗಿನ ಪಾಳಿಯ ಮಾದರಿ

ಹಟ್ಟಿ ಕ್ಯಾಂಪಿನಲ್ಲಿ ಮೊದಲ ಸೈರನ್ ಕೂಗುವ ಮುಂಚೆಯೇ
ಲ್ಯಾಬಿನ ಶಟರ್ ಅರ್ಧ ಎತ್ತಿ ಕೂತಿರುತ್ತೇನೆ.
ಬರುವವರು ಶೀಶೆಯನ್ನು ಸೆರಗಿನೊಳಗೆ, ಟವೆಲಿನೊಳಗೆ,
ಒಬ್ಬಾತ ಊಟದ ಡಬ್ಬಿಯೊಳಗೆ,
ಅಡಗಿಸಿ ತಂದು ಟೇಬಲ್ಲಿನ ಮೇಲಿಟ್ಟು
ಗೋಡೆ ನೋಡುತ್ತಾರೆ.

ಮೌನಪ್ಪ ಪತ್ತಾರ ಹಾಗಲ್ಲ.
ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ,
ತಮ್ಮದನ್ನು ತಾವೇ ಪರೀಕ್ಷಿಸಿ ಕೊಟ್ಟರು.
"ನೊರಿ ಇಲ್ಲವ್ವ. ಬಣ್ಣಾನೂ ಚೊಲೊ ಐತಿ.
ಹದಿನಾಲ್ಕು ವರ್ಷದ ಸಕ್ರಿ ನನ್ನದು,
ಡಾಕ್ಟ್ರು ಯಾಕೋ ಇದೊಂದು ಬರದಾರ."

ಪಟ್ಟಿ ಅದ್ದಿದೆ. ಹಳದಿ ಹಳದಿಯಾಗಿಯೇ ಉಳಿಯಿತು.
ಪಟ್ಟಿಯ ಕಣ್ಣಿಗೆ ದೊಡ್ಡ ಕಳ್ಳರು ಮಾತ್ರ ಬೀಳುತ್ತಾರೆ.
ಇದೇ ಹಳದಿಯನ್ನು ನಂಬಿ ನಮ್ಮ ಚಿಗವ್ವ
ಆರು ವರ್ಷ ನಿಶ್ಚಿಂತೆಯಿಂದ ಇದ್ದಳು,
ಆಮೇಲೆ ವಾರಕ್ಕೆರಡು ಸಲ ರಾಯಚೂರಿನ ಬಸ್ಸು,
ತೋಳಿನೊಳಗೆ ಗುಂಯ್‌ಗುಡುವ ನರ.

ಸಣ್ಣದನ್ನು ಹಿಡಿಯಲು ಬೇರೆ ಯಂತ್ರ.
ಅದು ತನ್ನೊಳಗೇ ಏನೋ ಗೊಣಗಿ, ಸುಮ್ಮನಾಗಿ,
ಒಂದು ಅಂಕಿ ಉಗುಳಿತು: ನಲವತ್ತಾರು.
ಮೂವತ್ತರೊಳಗೆ ಇರಬೇಕಾದದ್ದು.

"ಎದರಾಗ ಎಷ್ಟು?"
"ಒಂದು ಗ್ರಾಂ ಕ್ರಿಯಾಟಿನಿನ್‌ಗೆ
ನಲವತ್ತಾರು ಮಿಲಿಗ್ರಾಂ ಆಲ್ಬುಮಿನ್.
ಮೊಟ್ಟೆಯ ಬಿಳಿಯಂಥದ್ದು ಕಾಕಾ, ರಕ್ತದಲ್ಲೇ ಇರಬೇಕು."
ಬೆರಳ ಗೆಣ್ಣುಗಳ ಮೇಲೆ ಲೆಕ್ಕ ಓಡಿತು.
"ಅಂದ್ರ ಟನ್ನಿಗೆ ನಲವತ್ತಾರು ಕೆಜಿ!
ಇಂಥ ಕಲ್ಲು ಸಿಕ್ಕಿದ್ರ ನಮ್ಮ ಮ್ಯಾನೇಜರು ಕುಣೀತಿದ್ದ."
ನಕ್ಕೆ. ಅವರೂ ನಕ್ಕರು.
ಆಮೇಲೆ ಅವರ ನಗು ಇಳಿಯತೊಡಗಿತು,
ಶಾಫ್ಟಿನೊಳಗೆ ಪಂಜರ ಇಳಿದ ಹಾಗೆ, ಕತ್ತಲಿಗೆ.

"ಅಲ್ಲವ್ವ, ಇದು ಕಲ್ಲಲ್ಲ. ಇದು ಟೇಲಿಂಗ್ಸು."

ಮೂವತ್ತೊಂದು ವರ್ಷ ಗಣಿಯ ಅಸೇ ಆಫೀಸಿನಲ್ಲಿದ್ದವರು.
ಅಪ್ಪನದು ಗುಲಗಂಜಿ ತೂಗಿದ ಕೈ, ಇವರದು ಮೂಸೆ ಹಿಡಿದ ಕೈ.
ಒಳಬರುವ ಕಲ್ಲಿನಲ್ಲಿ ಚಿನ್ನ ಕಂಡರೆ ಹಬ್ಬ.
ಅರೆದು, ತೊಳೆದು, ಹೊರಗೆ ಚೆಲ್ಲುವ ಬೂದು ಕೆಸರಿನಲ್ಲಿ
ಅದೇ ಚಿನ್ನ ಕಂಡರೆ
ಎಲ್ಲೋ ಜರಡಿ ಹರಿದಿದೆ.

ಒಂದು ರಾತ್ರಿ ಪಾಳಿ. ಕೆಸರಿನ ಮಾದರಿಯಲ್ಲಿ
ಕೂದಲೆಳೆಯಷ್ಟು ಹೆಚ್ಚು.
ಗಿರಣಿ ಎಂದಿನಂತೆ ಗುಡುಗುತ್ತಿತ್ತು,
ಬೆಲ್ಟು ಓಡುತ್ತಿತ್ತು, ಒಂದು ಬೋಲ್ಟೂ ನರಳಲಿಲ್ಲ.
"ತಕ್ಕಡಿಗೆ ಗಾಳಿ ಬಡದಿರಬೇಕು, ಮಲ್ಕೋ" ಅಂದ ಫೋರ್‌ಮನ್.
ಇವರು ಮಲಗಲಿಲ್ಲ.
ಇನ್ನೊಮ್ಮೆ ತೂಗಿದರು, ಮತ್ತೂ ಒಮ್ಮೆ.
ಬೆಳಗಾಗುವಾಗ ಸಿಕ್ಕಿತು:
ಕಿರುಬೆರಳೂ ತೂರದಷ್ಟು ಸಣ್ಣ ಹರಕು.
"ಅವತ್ತೇ ತ್ಯಾಪಿ ಹಾಕಿದ್ವಿ.
ಹಳೇ ಜರಡಿ ಹೊಸಾದೇನೂ ಆಗಲಿಲ್ಲ,
ಆದ್ರ ಹನ್ನೊಂದು ವರ್ಷ ದುಡೀತು ನೋಡು."

ಒಂದು ಅಂಕಿಯ ಮೇಲೆ ತೀರ್ಪು ಬರೆಯಬಾರದು,
ಜ್ವರ ಬಂದರೂ ಏರುತ್ತದೆ, ಓಡಿ ಬಂದರೂ ಏರುತ್ತದೆ,
ಮೂರು ತಿಂಗಳಲ್ಲಿ ಮೂರು ಸಲ ನೋಡೋಣ,
ಎಂದೆಲ್ಲ ನಾನು ಹೇಳಹೊರಟಿದ್ದೆ.
ಅವರಾಗಲೇ ಚೀಟಿ ಜೇಬಿಗಿಟ್ಟು ಎದ್ದಿದ್ದರು.
ಬಾಗಿಲಲ್ಲಿ ನಿಂತು ಕೇಳಿದರು, ಈ ಸಲ ಮೆಲ್ಲಗೆ:
"ಉಪ್ಪಿನಕಾಯಿ?"
ಬೇಡವೆಂದು ತಲೆಯಾಡಿಸಿದೆ.
ನಲವತ್ತಾರಕ್ಕೆ ಬಾಡದ ಮುಖ ಅದಕ್ಕೆ ಬಾಡಿತು.

ಇವತ್ತು, ತಿಂಗಳ ಮೇಲೆ ನಾಲ್ಕು ದಿನಕ್ಕೆ,
ಅರ್ಧ ಎತ್ತಿದ ಶಟರಿನ ಕೆಳಗೆ ಅವರ ಚಪ್ಪಲಿ ಕಂಡವು.
ಪತ್ತಾರರು ಒಡವೆ ಹಾಕಿಕೊಡುವ ಕೆಂಪು ಮಕಮಲ್ಲಿನ ಚೀಲ.
ದಾರ ಬಿಚ್ಚಿದರೆ ಶೀಶೆ, ಇನ್ನೂ ಬೆಚ್ಚಗೆ,
ಮೇಲಂಟಿಸಿದ ಚೀಟಿಯಲ್ಲಿ ಆಫೀಸಿನ ದುಂಡು ಅಕ್ಷರ:

ಮಾದರಿ: ಎರಡು.
ಪಾಳಿ: ಬೆಳಗಿನದು.
ಬಗೆ: ಟೇಲಿಂಗ್ಸ್.
ಜರಡಿ: ಹಳೆಯದು. ಚಾಲೂ ಇದೆ.