ನಾನೂರ ಹದಿನೇಳನೇ ನೀರಿನ ಗೂಡು

ಉಲಾನ್‌ಬಾತರಿನ ಬಡಗಣ ಗುಡ್ಡದಲ್ಲಿ
ನನ್ನದೊಂದು ನೀರಿನ ಗೂಡು. ಸಂಖ್ಯೆ ನಾನೂರ ಹದಿನೇಳು.
ಮೊಳದಗಲ ಕಿಂಡಿ, ಒಂದು ತಿರುಪು, ಕಾಲ ಬುಡದಲ್ಲಿ ಕರೆಂಟಿನ ಒಲೆ;
ಹೊರಗೆ ಹಿಮದಲ್ಲಿ ಕಾಲು ಕುಟ್ಟುವ ಸಾಲು.
ಇಪ್ಪತ್ತು ಲೀಟರು, ಅರವತ್ತು ಲೀಟರು, ಚಿಲ್ಲರೆ ಕೊಡು.
ಹನ್ನೊಂದು ಚಳಿಗಾಲ ನಾನಾಡಿದ್ದು ಇಷ್ಟೇ.

ಏಳಕ್ಕೆ ಬರುತ್ತಾನೆ ತುಮೆನ್‌ಜರ್ಗಲ್,
ಎರಡು ಗಾಲಿಯ ಗಾಡಿಗೆ ನೀಲಿ ಪೀಪಾಯಿ ಬಿಗಿದುಕೊಂಡು.
ಹತ್ತು ಸಾವಿರ ಸುಖ ಎಂದು ಆ ಹೆಸರಿನ ಅರ್ಥ;
ಅವನ ಬೂಟಿನಿಂದ ಇಣುಕುವ ಹೆಬ್ಬೆರಳಿಗೆ
ಅದನ್ನಿನ್ನೂ ಯಾರೂ ತಿಳಿಸಿಲ್ಲ.
ಸಾಲಲ್ಲಿ ನಿಂತೇ ಗೊಣಗುತ್ತಾನೆ.
ಜಪವೋ ಜ್ವರವೋ ಅಂದುಕೊಂಡಿದ್ದೆ.
ಹಿಂದೆ ನಿಂತವಳು ಅಂದಳು: ಅಲ್ಲಕ್ಕಾ, ರ‍್ಯಾಪು.

ನನ್ನಪ್ಪ ಕುದುರೆಯನ್ನು ಹೊಗಳುವಾಗ
ಪ್ರಾಸವನ್ನು ಸಾಲಿನ ತಲೆಗೆ ಕಟ್ಟುತ್ತಿದ್ದ, ಮೂಗುದಾರದ ಹಾಗೆ.
ಈ ಹುಡುಗ ತಲೆಗೂ ಕಟ್ಟುತ್ತಾನೆ, ಬಾಲಕ್ಕೂ ಕಟ್ಟುತ್ತಾನೆ.
ಇನ್ನು ಕುದುರೆ ಓಡುವುದೆಲ್ಲಿಂದ?

ಓಡಿತು.
ಮೊಣಕಾಲಿಗೆ ಮುಲಾಮು ತರಲು ಪೇಟೆಗೆ ಇಳಿದಿದ್ದೆ.
ಕೆಂಪು ದೀಪದಲ್ಲಿ ಬಸ್ಸಿನ ಪಕ್ಕಕ್ಕೇ ಬಂದು ನಿಂತಿತು
ಹಸುವಿನಷ್ಟು ಅಗಲದ ಒಂದು ಕರಿಯ ಕಾರು.
ಒಳಗಿನಿಂದ ನಮ್ಮ ಹುಡುಗನ ಗಂಟಲು:

*ಕೊಳವೆ ಅವರ ನೆಲದ ಕೆಳಗೆ, ಗಾಡಿ ನಮ್ಮ ಕೈಗೆ;
ಒಳಗೆ ಸೆಕೆ ಎಂದು ಕಿಟಕಿ ತೆರೆವರು ಮಾಗಿ ಗಾಳಿಗೆ!
ಚಳಿಗೆ ಹಲ್ಲು ಕಟಕಟ, ಅದೇ ನನ್ನ ತಾಳ;
ತಳದ ಹನಿಗೂ ಕಾಸು ಕೀಳೋ ಮುದುಕಿ, ತುಕ್ಕಿನ ಗಾಳ!*

ಕಾರಿನವನು ತಲೆದೂಗುತ್ತಿದ್ದ,
ಉಂಗುರದ ಬೆರಳಲ್ಲಿ ಸ್ಟಿಯರಿಂಗ್ ತಟ್ಟುತ್ತಿದ್ದ.
ಗಾಜು ಬಡಿದು ಹೇಳಬೇಕೆನಿಸಿತು:
ಆ ಗಾಳ ನಾನೇ ಸ್ವಾಮಿ, ಕಿಟಕಿ ನಿಮ್ಮದಿರಬೇಕು.
ಹಸಿರು ಬಂತು.

ಮೇಲೆ ಹತ್ತಿ ಬರುವಾಗ ತಿರುಗಿ ನೋಡಿದೆ.
ಒಂಬತ್ತನೇ ಮಹಡಿ, ಹತ್ತನೇ ಮಹಡಿ,
ಮೈನಸ್ ಇಪ್ಪತ್ತೆಂಟರಲ್ಲಿ ಕಿಟಕಿಗಳು ನಿಜಕ್ಕೂ ಅರೆ ತೆರೆದಿದ್ದವು,
ಪರದೆಗಳು ಹೊರಗೆ ಬಂದು ಆಡುತ್ತಿದ್ದವು.
ನಮ್ಮ ಒಲೆಗಳ ಹೊಗೆ ಗುಡ್ಡವಿಳಿದು
ಯಾರನ್ನೂ ಕೇಳದೆ ಒಳಗೆ ಹೋಗುತ್ತಿತ್ತು.
ಹಾಡೂ ಹೀಗೇ ಹೋಗಿರಬೇಕು. ಅವನ ತಂಗಿಯ ಕೆಮ್ಮು ಮಾತ್ರ
ಇಲ್ಲೇ ಉಳಿದಿದೆ, ನಮ್ಮ ಬೀದಿಯಲ್ಲಿ.

ಮರುದಿನ ಏಳಕ್ಕೆ ನಲ್ಲಿ ಸತ್ತಿತ್ತು.
ಕೆಟಲಿನ ನೀರು ಹೊಯ್ಯುತ್ತಾ ಕೂತೆ ಕೊಳವೆಯ ಕುತ್ತಿಗೆಗೆ;
ಸಾಲು ಕಾಲು ಕುಟ್ಟುತ್ತಿತ್ತು, ಧಪ್ ಧಪ್, ಧಪ್ ಧಪ್.
ಕಿಂಡಿಯಲ್ಲಿ ಅವನ ಮೂಗು. ಹಾಡು ಕೇಳಿದಿರಾ ಅಜ್ಜಿ?
ಕೇಳಿದೆ. ನಾಲ್ಕನೇ ಸಾಲು ಸುಳ್ಳು.
ಕಾಸು ಕೀಳುವುದು ನಾನಲ್ಲ, ಮೀಟರು.
ಅದು ಗೋಡೆಯೊಳಗಿದೆ, ನಿನಗೆ ಕಾಣುವುದು ನನ್ನ ಮುಖ.

ಅವನು ಮಾತಾಡಲಿಲ್ಲ. ಹಲ್ಲು ಕಟಕಟ.
ಆಮೇಲೆ, ಮೆಲ್ಲಗೆ: *ಮೀಟರಿಗೆ* ಪ್ರಾಸ ಏನಿಡಲಿ?

ಲೀಟರು, ಅಂದೆ. ಅಷ್ಟೂ ಗೊತ್ತಿಲ್ಲವೇನೋ.
ಕೊಳವೆ ಒಮ್ಮೆ ಕೆಮ್ಮಿ, ಕೆಂಪು ನೀರು ಉಗುಳಿತು.
ಪೀಪಾಯಿ ಸರಿಯಾಗಿ ಹಿಡಿ.
ಅರವತ್ತು. ಚಿಲ್ಲರೆ ಕೊಡು.